ಒಣ ಟವೆಲ್ಲಿನಲ್ಲಿ ಹಿಡಿದ ಟ್ರೌಟ್

ಮೀನು ಮುಟ್ಟದ ಮನೆತನದಲ್ಲಿ ಹುಟ್ಟಿದ ನನಗೆ ಮೀನು ಹಿಡಿಯುವ ಹುಚ್ಚು ಹತ್ತಿದ್ದು ಕತಾರಿನ ಅಲ್ ವಕ್ರಾದ ಸಮುದ್ರದ ದಂಡೆಯಲ್ಲಿ. ಹತ್ತಿಸಿದವರು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ನನ್ನ ಮೇಲಧಿಕಾರಿಯಾಗಿರುವ, ನಿವೃತ್ತಿಗೆ ಹತ್ತಿರವಾದ ಒಬ್ಬ ಇಂಗ್ಲಿಷ್ ಮನುಷ್ಯ. ನಾನವರನ್ನು ಸಾಹೇಬರು ಎನ್ನುತ್ತೇನೆ. ಚಳಿಗಾಲದ ಶುಕ್ರವಾರಗಳಂದು ಅವರು ಮೊಣಕಾಲುದ್ದ ನೀರಿಗಿಳಿದು ಉದ್ದನೆಯ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದರು. ಗಾಳಕ್ಕೆ ಎರೆಹುಳುವಿಲ್ಲ, ಸಿಗಡಿಯಿಲ್ಲ. ಗರಿಗೆ ನೂಲು ಸುತ್ತಿ ಮಾಡಿದ ಒಂದು ಸುಳ್ಳು ನೊಣ, ಅಷ್ಟೇ. ಅದಕ್ಕೇ ಇದು ಫ್ಲೈ ಫಿಶಿಂಗ್. ಸಿಕ್ಕ ಮೀನನ್ನು ಬಿಡಿಸಿ ಮತ್ತೆ ನೀರಿಗೇ ಬಿಡುವುದು ಅವರ ಪದ್ಧತಿ.

ಇದು ನಮ್ಮಂಥವರಿಗೆಂದೇ ಹುಟ್ಟಿದ ಆಟ ಅನ್ನಿಸಿಬಿಟ್ಟಿತು. ಹುಳ ಸಾಯುವುದಿಲ್ಲ, ಮೀನು ಸಾಯುವುದಿಲ್ಲ. ಪಾಪವೂ ಇಲ್ಲ, ಮಜಕ್ಕೆ ಕೊರತೆಯೂ ಇಲ್ಲ. ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಗೆಳೆಯರ ಮನೆಯ ಊಟಗಳಲ್ಲಿ ಕೊಚ್ಚಿಕೊಂಡೆ. ಬಂಗುಡೆ ಇಲ್ಲದೆ ಅನ್ನ ಇಳಿಯದ ಮಂಗಳೂರಿನ ಗೆಳೆಯನೊಬ್ಬ, "ಬಿಡುವುದಾದರೆ ಹಿಡಿಯುವುದು ಎಂತಕ್ಕೆ ಮಾರಾಯ?" ಎಂದು ನಕ್ಕ. ನೀವು ಕೊಲ್ಲುವವರು, ನಿಮಗಿದು ತಿಳಿಯದು ಎಂದೆ. ಹಾಗೇ ಹೇಳಿದೆ, ಎಲ್ಲರೆದುರು, ಉಪ್ಪಿನಕಾಯಿ ಬಡಿಸಿಕೊಳ್ಳುತ್ತ.

ನನ್ನ ಮಾತನ್ನು ಪೂರ್ತಿ ನಂಬಿದವಳು ಒಬ್ಬಳೇ, ನನ್ನ ಮಗಳು. ಐದನೇ ಕ್ಲಾಸು. ಮನೆಗೆ ನುಗ್ಗಿದ ಜಿರಲೆಯನ್ನೂ ಹೊಡೆಯಗೊಡದೆ, ಲೋಟದಲ್ಲಿ ಮುಚ್ಚಿ, ಲಿಫ್ಟಿನಲ್ಲಿ ಕೆಳಗಿಳಿಸಿ ಬಿಟ್ಟು ಬರುವ ಹುಡುಗಿ. "ನಮ್ಮಪ್ಪ ಫಿಶ್‌ಗೆ ಹರ್ಟ್ ಮಾಡೂದಿಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಅವಳ ಬಾಯಲ್ಲಿ ಅದನ್ನು ಕೇಳಿದಾಗೆಲ್ಲ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು.

ಹೋದ ಈದ್ ರಜೆಗೆ ಜಾರ್ಜಿಯಾಕ್ಕೆ ಹೋದೆವು. ಕತಾರ್ ಐಡಿ ಇದ್ದವರಿಗೆ ವೀಸಾದ ತಾಪತ್ರಯ ಇಲ್ಲವೆಂದು ಇಲ್ಲಿಯ ಅರ್ಧ ಜನ ಓಡುವುದು ಅಲ್ಲಿಗೇ. ಸಾಹೇಬರೂ ಬಂದಿದ್ದರು. ಬೆಟ್ಟದ ಬುಡದ ಬುಗ್ಗೆಗಳಿಂದಲೇ ಹುಟ್ಟಿ ಹರಿಯುವ ಒಂದು ಹೊಳೆ ಅವರಿಗೆ ಗೊತ್ತಿತ್ತು. ನೀರು ಎಷ್ಟು ತಿಳಿ ಎಂದರೆ, ತಳದ ಕಲ್ಲಿನ ಮೇಲೆ ಮೊದಲು ಟ್ರೌಟ್ ಮೀನಿನ ನೆರಳು ಕಾಣುತ್ತಿತ್ತು, ಆಮೇಲೆ ಮೀನು. ಕುಡಿಯುವ ನೀರನ್ನೂ ಸಮುದ್ರದ ಉಪ್ಪು ತೆಗೆದು ಪಡೆಯುವ ಊರಿನಿಂದ ಹೋದ ನಾನು ಸುಮ್ಮನೆ ನೋಡುತ್ತ ನಿಂತುಬಿಟ್ಟೆ.

"ಕೈ ಒದ್ದೆ ಮಾಡಿಕೊಂಡೇ ಹಿಡಿ. ನೀರಿನಿಂದ ಮೇಲೆ ಎತ್ತಬೇಡ" ಎಂದು ಮತ್ತೊಮ್ಮೆ ಹೇಳಿ ಸಾಹೇಬರು ತಿರುವಿನಾಚೆ ಹೋದರು. ಮೀನಿನ ಮೈಮೇಲಿನ ಲೋಳೆಯೇ ಅದರ ರಕ್ಷೆ, ಒಣಗಿದ್ದು ಏನು ತಾಗಿದರೂ ಅದು ಕಿತ್ತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಅದುವರೆಗೆ ನಾನು ಒಂದು ಮೀನನ್ನೂ ಕೈಯಿಂದ ಮುಟ್ಟಿರಲಿಲ್ಲ. ವಕ್ರಾದಲ್ಲಿ ನನ್ನ ಗಾಳಕ್ಕೆ ಸಿಕ್ಕವನ್ನು ಬಿಡಿಸುತ್ತಿದ್ದವರು ಸಾಹೇಬರೇ. ನಾನು ಕೋಲು ಹಿಡಿದು ಧರ್ಮಾತ್ಮನ ಹಾಗೆ ನಿಂತಿರುತ್ತಿದ್ದೆ.

ಟ್ರೌಟ್ ಸಿಕ್ಕಿತು. ಮಗಳು ಪಕ್ಕದಲ್ಲೇ ಕುಣಿಯುತ್ತಿದ್ದಳು. ಎಳೆದು ಎಳೆದು ದಂಡೆಗೆ ತಂದೆ. ಅದು ಕಾಲ ಬಳಿ ಹೊರಳಿದಾಗ ಆ ಜಾರುವ ಮೈ, ತೆರೆದು ಮುಚ್ಚುವ ಬಾಯಿ ನೋಡಿ ಅಸಹ್ಯವಾಯಿತು. ಮಡಿ ಮೈಲಿಗೆ ಎನ್ನುವವನಲ್ಲ ನಾನು. ಆದರೂ ಕೈ ಮುಂದೆ ಹೋಗಲಿಲ್ಲ. ಹೆಂಡತಿ ಕಲ್ಲಿನ ಮೇಲೆ ಹರವಿದ್ದ ಟವೆಲ್ ಕಂಡಿತು. ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು. ಒಲೆಯಿಂದ ಬಿಸಿ ಪಾತ್ರೆ ಇಳಿಸುವವರ ಹಾಗೆ ಅದರಲ್ಲೇ ಮೀನನ್ನು ಸುತ್ತಿ ಎತ್ತಿದೆ. ಗಾಳ ಕೀಳಲು ಬರಲಿಲ್ಲ. ಅದು ಒದ್ದಾಡಿದಷ್ಟೂ ನಾನು ಬಿಗಿಯಾಗಿ ಹಿಸುಕಿದೆ. ಜಾರಿ ಕಲ್ಲಿನ ಮೇಲೆ ಬಿತ್ತು. ಮತ್ತೆ ಸುತ್ತಿದೆ. ಅಂತೂ ನೀರಿಗೆ ಬಿಟ್ಟಾಗ ಟವೆಲ್ಲಿನ ತುಂಬ ಲೋಳೆ ಮೆತ್ತಿತ್ತು. ಮೀನು ಹೊಟ್ಟೆ ಮೇಲಾಗಿ ತೇಲಿತು.

"ಅಪ್ಪಾ, ಅದು ಯಾಕ ಸ್ವಿಮ್ ಮಾಡವಲ್ದು?"

"ದಣದೈತಿ. ಈಗ ಹೋಗ್ತದ ನೋಡು."

ಹೋಗಲಿಲ್ಲ. ಸಾಹೇಬರು ಬಂದರು. ಮೀನನ್ನು ನೋಡಿದರು, ಟವೆಲ್ಲನ್ನೂ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅದನ್ನು ನೀರಿನೊಳಗೆ ಹರಿವಿಗೆದುರಾಗಿ ಹಿಡಿದು, ಚೇತರಿಸಿಕೊಂಡೀತೆಂದು ಬಹಳ ಹೊತ್ತು ಕಾದರು. ಆಮೇಲೆ "ಖಲಾಸ್" ಎಂದರು. ಸತ್ತದ್ದನ್ನು ಬಿಸಾಡುವುದು ಸರಿಯಲ್ಲ, ಸಂಜೆ ಹುರಿಯೋಣ ಎಂದರು.

"ನಾವು ತಿನ್ನುವುದಿಲ್ಲ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅವರು ನನ್ನ ಮುಖವನ್ನೇ ನೋಡಿದರು. ಕೊಂದವನೂ ನಾನೇ, ಶುದ್ಧವಾಗಿ ಉಳಿದವನೂ ನಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂಜೆ ಗೆಸ್ಟ್‌ಹೌಸಿನಲ್ಲಿ ಅವರೊಬ್ಬರೇ ಮುಳ್ಳು ಬಿಡಿಸಿಕೊಂಡು ಅದನ್ನು ತಿಂದರು. ವಾಸನೆ ತಡೆಯದೆ ನಾನು ಕಿಟಕಿಯ ಬಳಿಯ ಕುರ್ಚಿಗೆ ಸರಿದೆ. ಸರಿದ ಮೇಲೆ ಅಲ್ಲಿ ಕೂರಲು ನಾಚಿಕೆ, ಎದ್ದು ಬರಲು ಇನ್ನೂ ನಾಚಿಕೆ. ಮಗಳು ಊಟ ಮಾಡಲಿಲ್ಲ.

ದೋಹಾಕ್ಕೆ ಮರಳಿದ ವಾರವೇ ಗೆಳೆಯರ ಮನೆಯಲ್ಲಿ ಊಟವಿತ್ತು. ಹೋಗುವುದು ಬೇಡವೆಂದು ತಲೆನೋವಿನ ನೆಪ ಹೇಳಿದೆ, ಹೆಂಡತಿ ಕೇಳಲಿಲ್ಲ. ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಿರುವಾಗ ಮಂಗಳೂರಿನವನು ಕೇಳಿದ:

"ಹೇಗೆ, ಸಿಕ್ಕಿತಾ ಟ್ರೌಟ್?"

ಎಲ್ಲರೂ ನನ್ನ ಕಡೆ ತಿರುಗಿದರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಮಗಳೆದುರು ಅಷ್ಟಾದರೂ ಮಾಡಬೇಕಿತ್ತು. "ಸಿಕ್ತು, ಒಂದು" ಎಂದೆ. ರೊಟ್ಟಿ ಮುರಿಯತೊಡಗಿದೆ.

"ಮತ್ತೆ? ಬಿಟ್ಟೆಯಾ ಮಾರಾಯ?"

ಮಕ್ಕಳ ಸಾಲಿನಿಂದ ಮಗಳ ದನಿ ಬಂತು. ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಬಿಟ್ರು ಅಂಕಲ್. ಭಾಳ ಫಾಸ್ಟ್ ಹೋತು ಅದು."

ಗೆಳೆಯ ಭೇಷ್ ಎಂದ. ಯಾರೋ ನನ್ನ ಬೆನ್ನು ತಟ್ಟಿದರು. ಅವಳು ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಸಲೀಸಾಗಿ ಹೇಳಿದ್ದಳು. ಆಮೇಲೆ ಒಮ್ಮೆ ನನ್ನತ್ತ ನೋಡಿದಳು, ಬಿದ್ದ ಮಗುವಿಗೆ ಪೆಟ್ಟಾಯಿತೇನೋ ಎಂದು ದೊಡ್ಡವರು ನೋಡುವ ಹಾಗೆ. ನಾನು ಗೆಳೆಯನತ್ತ ತಿರುಗಿ ಹೌದೆಂದು ತಲೆಯಾಡಿಸಿದೆ.