ಗಂಡು ಗೊತ್ತಿಲ್ಲ

ನಮ್ಮಕ್ಕನಿಗೆ ಮದುವೆಯಾಗಿಲ್ಲ. ಅದರಿಂದ ಅವಳಿಗೇನೂ ತೊಂದರೆಯಿಲ್ಲ, ತಲೆನೋವೆಲ್ಲ ನೆಂಟರಿಗೆ. ಅವಳು ಕೀಟಗಳ ಸಂಗ್ರಹಾಲಯದಲ್ಲಿ ಸಂಶೋಧಕಿ, ಜೀರುಂಡೆ ವಿಭಾಗ. ಹಾಗಂದ ತಕ್ಷಣ ಮನೆಗೆ ಬಂದವರು, "ಓ, ಮರದಲ್ಲಿ ಕೂತು ಜೀರ್ ಅಂತ ಕಿವಿ ತೂತು ಮಾಡುತ್ತಲ್ಲ, ಅದಾ?" ಎನ್ನುತ್ತಾರೆ.

"ಅದಕ್ಕೂ ಹಾಗೇ ಅಂತಾರೆ, ಆದ್ರೆ ಅದಲ್ಲ. ನನ್ನದು ಗಟ್ಟಿ ಚಿಪ್ಪಿನ ಹುಳ. ಬಾಯಿ ಮುಚ್ಕೊಂಡು ತನ್ನ ಪಾಡಿಗೆ ಸಗಣಿ ಹೊರುತ್ತೆ," ಎನ್ನುತ್ತಾಳೆ ಅಕ್ಕ. 'ಬಾಯಿ ಮುಚ್ಕೊಂಡು' ಎನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳುತ್ತಾಳೆ.

ನಾನು ಅವಳ ತಂಗಿ, ಬಟ್ಟೆ ಹೊಲಿಯುವವಳು. ಸಂಗ್ರಹಾಲಯದ ಅವಳ ಕೋಣೆಗೆ ಹೋದಾಗಲೆಲ್ಲ ಮೊದಲು ನ್ಯಾಫ್ತಲಿನ್ ಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಯುದ್ದಕ್ಕೂ ಬೀರು, ಬೀರುವಿನ ತುಂಬ ಗಾಜಿನ ಮುಚ್ಚಳದ ಪೆಟ್ಟಿಗೆಗಳು, ಪೆಟ್ಟಿಗೆಯಲ್ಲಿ ಸಾಲಾಗಿ ಜೀರುಂಡೆಗಳು. ಒಂದೊಂದರ ಬಲಗಡೆಯ ಚಿಪ್ಪಿಗೂ ಸೂಜಿ ಚುಚ್ಚಿದೆ. ಎಡಗಡೆ ಚುಚ್ಚಿದರೆ ಅಕ್ಕ ಉರಿದು ಬೀಳುತ್ತಾಳೆ. ಸೂಜಿಯ ಕೆಳಗೆ ಉಗುರಿನಷ್ಟು ಚೀಟಿ, ಅದರ ಮೇಲೆ ಹುಳದ ಹೆಸರು.

ಓದುವ ಕಾಲದಲ್ಲಿ ಅಕ್ಕ ಊರಾಚೆಯ ಹುಲ್ಲುಗಾವಲಿನಿಂದ ಕೊಂಬಿಲ್ಲದ ಪುಟ್ಟ ಸಗಣಿ ಜೀರುಂಡೆಗಳನ್ನು ಹಿಡಿದು ತಂದಿದ್ದಳು. ಅವಳ ಮೇಷ್ಟ್ರು ಇದು ಹೊಸ ಜಾತಿ ಎಂದು ಸಾರಿ, ಅದಕ್ಕೆ ಅವಳ ಹೆಸರನ್ನೇ ಇಟ್ಟರು. ಸಿಕ್ಕಿದ್ದೆಲ್ಲ ಹೆಣ್ಣು ಹುಳಗಳಾದ್ದರಿಂದ ಲೇಖನದಲ್ಲಿ 'ಗಂಡು ಗೊತ್ತಿಲ್ಲ' ಎಂದು ಬರೆದರು. ಆ ಶಾಸ್ತ್ರದಲ್ಲಿ ಹಾಗೆ ಬರೆಯುವುದು ವಾಡಿಕೆಯಂತೆ. ನಮ್ಮ ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. "ಸರಿಯಾದವಳ ಹೆಸರೇ ಇಟ್ಟಿದಾರೆ ಬಿಡು! ಅದಕ್ಕೂ ಗಂಡು ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ!" ಈ ಹಳಸಲು ಜೋಕನ್ನು ಆತ ಇವತ್ತಿಗೂ ಬಿಟ್ಟಿಲ್ಲ.

ಅಮ್ಮ ಮಾತ್ರ ಹಿರಿಹಿರಿ ಹಿಗ್ಗಿದಳು. ಯಾರಾದರೂ ಅಕ್ಕನ ಮದುವೆಯ ಮಾತೆತ್ತಿದರೆ, "ಮಕ್ಕಳು ಮರಿ ಇಲ್ದಿದ್ರೆ ಏನಂತೆ? ಭೂಮಿ ಇರೋವರೆಗೂ ನನ್ನ ಮಗಳ ಹೆಸರಿರುತ್ತೆ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಕ್ಕನಿಗೂ ಒಳಗೊಳಗೇ ಹೆಮ್ಮೆಯಿತ್ತು. ಅವಳು ಒಪ್ಪುವುದಿಲ್ಲ, ನನಗೆ ಗೊತ್ತು.

ಕಳೆದ ವರ್ಷ ಅವಳು ಸಗಣಿ ಜೀರುಂಡೆಗಳ ಸಂಸಾರ ನೋಡಬೇಕೆಂದು ಹೊರಟಳು. ತೆಳ್ಳಗಿನ ಗಾಜಿನ ಪೆಟ್ಟಿಗೆಗಳಿಗೆ ಮಣ್ಣು ತುಂಬಿ, ಮೇಲೆ ಸಗಣಿ ಹಾಕಿ, ಹುಳ ಬಿಟ್ಟು ಬಾಲ್ಕನಿಯಲ್ಲಿ ಇಟ್ಟಳು. ಅಮ್ಮ ಮೂಗು ಮುಚ್ಚಿಕೊಂಡೇ ಬಟ್ಟೆ ಒಣಹಾಕುತ್ತಿದ್ದಳು. ಒಂದು ಪೆಟ್ಟಿಗೆಯಲ್ಲಿ ಬೇರೊಂದು ಜಾತಿಯ ಕೊಂಬಿನ ಗಂಡು ಸುರಂಗದ ಬಾಯಲ್ಲಿ ನಿಂತು ಬಂದವರನ್ನೆಲ್ಲ ಗುಮ್ಮಿ ಓಡಿಸುತ್ತಿತ್ತು. ಕೆಳಗೆ ಸಗಣಿ ಉಂಡೆ ಕಟ್ಟಿ, ಒಂದೊಂದರಲ್ಲೂ ಮೊಟ್ಟೆಯಿಡುತ್ತಿದ್ದದ್ದು ಅಕ್ಕನ ಹೆಸರಿನ ಕೊಂಬಿಲ್ಲದ ಹುಳ! ಅಕ್ಕ ನಂಬಲಿಲ್ಲ. ಆ ಜೋಡಿಯ ಉಂಡೆಗಳನ್ನು ಬೇರೆ ಇಟ್ಟು ಕಾದಳು. ಒಡೆದು ಬಂದ ಮರಿಗಳಲ್ಲಿ ಕೊಂಬಿನವೂ ಇದ್ದವು, ಬೋಳುತಲೆಯವೂ ಇದ್ದವು.

ಕೂಡಲೇ ನನಗೆ ಫೋನ್ ಮಾಡಿದಳು. "ಗಂಡು ಸಿಕ್ಕಿತು ಕಣೇ."

ಹೊಲಿಗೆ ಬಿಟ್ಟು ಎದ್ದು ನಿಂತೆ. "ಹೌದಾ! ಯಾರೇ? ಎಲ್ಲಿ ಕೆಲಸ?"

"ಹುಳಕ್ಕೆ ಕಣೇ, ಕತ್ತೆ!" ಎಂದು ನಕ್ಕಳು. "ಎರಡೂ ಒಂದೇ ಜಾತಿ. ಆ ಕೊಂಬಿನದಕ್ಕೆ ಯಾರೋ ನಾವು ಹುಟ್ಟೋ ಮುಂಚೆನೇ ಹೆಸರಿಟ್ಟಿದಾರೆ. ಮೊದಲು ಇಟ್ಟಿದ್ದೇ ನಿಲ್ಲೋದು. ನನ್ನದು ಹೋಗುತ್ತೆ."

ಮೇಷ್ಟ್ರಿಗೆ ಹೇಳಿದಳು. ಅವರಾಗ ಸಂಗ್ರಹಾಲಯದ ಮುಖ್ಯಸ್ಥರು, ನಿವೃತ್ತಿ ಹತ್ತಿರ ಬಂದಿತ್ತು. ಬೀಳ್ಕೊಡುಗೆ ಸಭೆಯ ಆಮಂತ್ರಣದ ಮೇಲೂ ಅದೇ ಹುಳದ ಚಿತ್ರ. "ಈಗಲೇ ಬರೀಬೇಡಮ್ಮ. ನಿನ್ನ ಮೇಲಿನ ಅಭಿಮಾನಕ್ಕೆ ಇಟ್ಟ ಹೆಸರದು, ನೀನೇ ಅಳಿಸ್ತೀಯಾ?" ಎಂದರಂತೆ. ಮನೆಯಲ್ಲಿ ಅಮ್ಮ ಮಾತು ಬಿಟ್ಟಳು. ತಟ್ಟೆಯನ್ನು ಟೇಬಲ್ಲಿಗೆ ಕುಕ್ಕಿ ಹೋಗುತ್ತಿದ್ದಳು.

ನಾನೂ ಬುದ್ಧಿ ಹೇಳಲು ಹೋದೆ. "ಸುಮ್ನಿದ್ರೆ ಯಾರ ಗಂಟು ಹೋಗುತ್ತೆ? ಇರಲಿ ಬಿಡೇ."

"ಯಾಕಿರಬೇಕು? ನಾಳೆ ಇನ್ನೊಬ್ಬಳು ಇದನ್ನ ನಂಬಿ ಇಲ್ಲಿ ಎರಡು ಜಾತಿ ಇದೆ ಅಂತ ಬರೀತಾಳೆ. ಬೇರೆಯವರ ತಪ್ಪಾಗಿದ್ರೆ ನಾನು ಬಿಡ್ತಿದ್ನಾ? ನನ್ನ ಹೆಸರಿದೆ ಅಂತ ಬಿಡಬೇಕಾ? ಥೂ!" ಅವಳು ರೇಗಿದರೆ ಕಿವಿ ಕೆಂಪಾಗುತ್ತದೆ.

ಸಭೆಗೆ ನಾನೂ ಹೋಗಿದ್ದೆ. ಮೇಷ್ಟ್ರು ಕಂಡುಹಿಡಿದ ಜೀರುಂಡೆಗಳ ಬಗ್ಗೆ ಶಿಷ್ಯೆ ನಾಲ್ಕು ಒಳ್ಳೆಯ ಮಾತಾಡಬೇಕಿತ್ತು. ಆಡಿದಳು, ಮನಸಾರೆ ಆಡಿದಳು. ಆಮೇಲೆ ಪರದೆಯ ಮೇಲೆ ಆ ಹುಳದ ಚಿತ್ರ ತೋರಿಸಿ, "ಇದಕ್ಕೆ ಗಂಡು ಗೊತ್ತಿಲ್ಲ ಅಂತ ಸಾರ್ ಬರೆದಿದ್ರು. ಈಗ ಗೊತ್ತಾಗಿದೆ," ಎಂದು ಕೊಂಬಿನವನನ್ನು ಪಕ್ಕಕ್ಕೆ ತಂದಳು. ಕೆಳಗೆ ಆ ಜೋಡಿಯ ಉಂಡೆಗಳಿಂದ ಬಂದ ಮರಿಗಳು. ಸಭೆಯಲ್ಲಿ ಗುಸುಗುಸು ಎದ್ದಿತು.

ಮೇಷ್ಟ್ರು ಕೂತಲ್ಲಿಂದಲೇ, "ಸಾಕು, ಕೂತ್ಕೋ," ಎಂದರು.

"ಕೂರಲ್ಲ ಸಾರ್. ಸೂಜಿ ಹಿಡಿಯೋದು ಕಲಿಸಿದ್ದು ನೀವು. ಕಂಡಿದ್ದನ್ನ ಕಂಡ ಹಾಗೆ ಬರಿ ಅಂತ ಕಲಿಸಿದ್ದೂ ನೀವೇ. ಹೆಸರು ನನ್ನದು. ಹೋದ್ರೆ ನನ್ನದು ಹೋಗುತ್ತೆ. ಅದನ್ನ ಉಳಿಸೋಕೆ ಯಾರೂ ಕಷ್ಟಪಡಬೇಡಿ."

ಮೇಷ್ಟ್ರು ಹಾರ ಹಾಕಿಸಿಕೊಂಡು, ಅವಳ ಮುಖ ನೋಡದೆ ಹೊರಟುಹೋದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಅಕ್ಕ ಬರೆದ ಲೇಖನ ಅಚ್ಚಾದ ದಿನ ಅವಳು ನನ್ನನ್ನು ಸಂಗ್ರಹಾಲಯಕ್ಕೆ ಕರೆದಳು. ತನ್ನ ಹೆಸರಿನ ಹುಳಗಳನ್ನು ಒಂದೊಂದಾಗಿ ಸೂಜಿಸಮೇತ ಎತ್ತಿ, ಕೊಂಬಿನವುಗಳ ಪೆಟ್ಟಿಗೆಗೆ ಸಾಗಿಸುತ್ತಿದ್ದಳು. ಹಳೆಯ ಚೀಟಿ ಕೀಳುವಂತಿಲ್ಲ, ಅದರ ಕೆಳಗೆ ಸರಿಯಾದ ಹೆಸರಿನ ಹೊಸ ಚೀಟಿ ಚುಚ್ಚಬೇಕು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಚೀಟಿ ಮಾತ್ರ ಒಂದೂ ಸೊಟ್ಟಗಾಗಲಿಲ್ಲ.

ಅಷ್ಟರಲ್ಲಿ ಅಮ್ಮ ನನಗೆ ಫೋನ್ ಮಾಡಿ, "ಅವಳಿಗೆ ಕೊಡು," ಎಂದಳು. ಅಕ್ಕನ ಎರಡು ಕೈಯೂ ಖಾಲಿಯಿರಲಿಲ್ಲ. ನಾನೇ ಅವಳ ಕಿವಿಗೆ ಹಿಡಿದೆ.

"ಆಯ್ತಾ?"

"ಆಯ್ತಮ್ಮ."

"ಇನ್ಮೇಲೆ ಆ ಹುಳದ ಹೆಸರೇನು?"

ಅಕ್ಕ ಹೇಳಿದಳು. ನಾಲಿಗೆ ಹೊರಳದ ಮಾರುದ್ದದ ಹೆಸರು. ಅಮ್ಮ ಎರಡು ಸಲ ಹೇಳಲು ಹೋಗಿ ತೊದಲಿದಳು.

"ಇದೂ ಒಂದು ಹೆಸರಾ? ನಿನ್ನದೇ ಚೆನ್ನಾಗಿತ್ತು."

"ಹೂಂ. ಚೆನ್ನಾಗೇ ಇತ್ತಮ್ಮ," ಎಂದಳು ಅಕ್ಕ, ಕೊನೆಯ ಹುಳವನ್ನು ಅದರ ಗಂಡಿನ ಪಕ್ಕಕ್ಕೆ ಚುಚ್ಚುತ್ತ. "ಸರಿ ಇರಲಿಲ್ಲ, ಅಷ್ಟೇ."