ತಕ್ಕಡಿ ಅಕ್ಕ ಮತ್ತು ಇಪ್ಪತ್ತು ಕೆಜಿಯ ನಾಯಿ

ಹದಿನೆಂಟು ವರ್ಷದಿಂದ ನರ್ಸ್ ಆಗಿದ್ದವಳು, ತೂಗದೆ ಒಂದು ಪ್ರಾಣಿಗೂ ಸೂಜಿ ಚುಚ್ಚಿದವಳಲ್ಲ. ಹಾಗಾಗಿ ಪಶು ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ತಕ್ಕಡಿ ಅಕ್ಕ. ಸೊಂಟನೋವೆಂದು ಎರಡು ತಿಂಗಳು ರಜೆ ಹಾಕಿ ಮರಳಿದ ದಿನವೇ ಮುದುಕ ಟೈಲರೊಬ್ಬರು ತಮ್ಮ ಕಂದು ನಾಯಿಯನ್ನು ಎತ್ತಿಕೊಂಡು ಬಂದರು. ಕ್ಯಾನ್ಸರ್ ಗಡ್ಡೆಗೆ ಅಂದು ನಾಲ್ಕನೇ ಇಂಜೆಕ್ಷನ್. ಹಿಡಿದುಕೊಳ್ಳಲು ಹೋದ ಅವಳ ಏಪ್ರನ್ ಮೇಲೆ ನಾಯಿ ಹಳದಿ ನೀರು ಕಾರಿತು.

"ಕ್ಷಮಿಸಮ್ಮ. ಊಟ ಬಿಟ್ಟು ವಾರವಾಯ್ತು. ಕತ್ತಿನ ಪಟ್ಟಿಗೆ ಎರಡು ಸಲ ಹೊಸ ತೂತು ಹಾಕ್ದೆ. ಡಾಕ್ಟರಿಗೆ ಹೇಳಿದ್ರೆ, ಈ ಔಷಧಿ ಹಾಗೇನೇ ಅಂದ್ರು."

ವಾಂತಿ ಅವಳಿಗೆ ಹೊಸದಲ್ಲ. ಅಸಹ್ಯವಾದದ್ದು ನಾಯಿಯ ಚಿಕಿತ್ಸೆಯ ಕಾರ್ಡು ನೋಡಿದಾಗ. ಮೂರು ಸಲವೂ ಅದೇ ತೂಕ: ಇಪ್ಪತ್ತು. ನಾಯಿಯನ್ನು ತಕ್ಕಡಿಗೆ ಹತ್ತಿಸಿದಳು. ಹದಿನಾಲ್ಕು.

ಈ ಔಷಧಿಯನ್ನು ಮೈಯ ವಿಸ್ತೀರ್ಣಕ್ಕೆ ತಕ್ಕಂತೆ ಕೊಡಬೇಕು. ತೂಕದಿಂದ ಅದನ್ನು ಅಂದಾಜಿಸುವ ಪಟ್ಟಿ ಗೋಡೆಯಲ್ಲೇ ಇತ್ತು. ಇಪ್ಪತ್ತು ಕೆಜಿಗೆ ಮುಕ್ಕಾಲು ಚದರ ಮೀಟರಿಗೆ ಚೂರು ಕಮ್ಮಿ. ಹದಿನಾಲ್ಕಕ್ಕೆ ಅರ್ಧಕ್ಕಿಂತ ಚೂರು ಜಾಸ್ತಿ. ಇಪ್ಪತ್ತರ ಲೆಕ್ಕಕ್ಕೆ ಸಿರಿಂಜಿನಲ್ಲಿ ತುಂಬಿಟ್ಟಿದ್ದದ್ದು ನಾಲ್ಕು ಪಾಲಿನ ಜಾಗದಲ್ಲಿ ಐದು ಪಾಲು. ಹಿಂದಿನ ಸಲ ಎಷ್ಟು ಹೆಚ್ಚು ಹೋಗಿತ್ತೋ.

ಕಾರ್ಡು ಹಿಡಿದು, ಆ ಲೆಕ್ಕ ಬರೆದಿದ್ದ ಚಿಕ್ಕ ಡಾಕ್ಟರ ಕೋಣೆಗೆ ಹೋದಳು. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಬೆಳೆದ ನಾಯಿ ಅಲ್ವಾ ಅಕ್ಕ, ತೂಕ ಎಲ್ಲಿಗೆ ಹೋಗುತ್ತೆ?"

"ಇಲ್ಲಿಗೆ," ಎಂದು ಒದ್ದೆ ಏಪ್ರನ್ ತೋರಿಸಿದಳು.

"ಐದಾರು ಕೆಜಿಗೆ ರಾದ್ಧಾಂತ ಮಾಡ್ಬೇಡಿ. ಆ ಮುದುಕನ ಮುಂದೆ ಬಾಯಿ ಬಿಡ್ಬೇಡಿ."

ಮಾಡಿದ ತಪ್ಪಿಗಿಂತ ಮುಚ್ಚಿಡು ಎಂದದ್ದು ಅವಳಿಗೆ ಹೇಸಿಗೆಯಾಯಿತು. ಸೀದಾ ಹೊರಗೆ ಬಂದು ಟೈಲರಿಗೆ ಎಲ್ಲ ಹೇಳಿದಳು. ಅವರು ನಾಯಿಯ ಪಕ್ಕೆಲುಬುಗಳ ಮೇಲೆ ಕೈಯಾಡಿಸಿದರು.

"ಹಳೇ ಅಳತೆ ಇಟ್ಕೊಂಡು ನಾನು ಒಂದು ರವಿಕೆಗೂ ಕತ್ತರಿ ಹಾಕ್ದೋನಲ್ಲಮ್ಮ."

ವಿಷಯ ದೊಡ್ಡ ಡಾಕ್ಟರ ಬಳಿ ಹೋಯಿತು. ಅವರು ಇಂಜೆಕ್ಷನ್ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದರು. ಎರಡು ವಾರ ಬಿಟ್ಟು, ಮತ್ತೆ ತೂಗಿ, ಹೊಸ ಲೆಕ್ಕದಲ್ಲಿ ಕೊಟ್ಟರು. ಅಷ್ಟರಲ್ಲಿ ನಾಯಿ ತಟ್ಟೆ ನೆಕ್ಕುವಷ್ಟು ಚೇತರಿಸಿಕೊಂಡಿತ್ತು. ಇನ್ನೂ ಎಂಟು ತಿಂಗಳು ಬದುಕಿತು. ಚಿಕ್ಕ ಡಾಕ್ಟರಿಗೆ ಸಿಕ್ಕ ಶಿಕ್ಷೆ ಒಂದೇ ಮಾತು: "ಇನ್ಮೇಲೆ ನೋಡ್ಕೊಳ್ಳಿ."

ತಕ್ಕಡಿ ಅಕ್ಕ ಕೆಲಸ ಬಿಡಲಿಲ್ಲ. ಆದರೆ ಚಿಕ್ಕ ಡಾಕ್ಟರ ಕೋಣೆಯಿಂದ ಬಂದಾಗಲೆಲ್ಲ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದಳು.