ಗಂಗವ್ವನ ಕೊನೆಯ ನುಡಿ

ನನ್ನ ಮೊಮ್ಮಗಳು ಸವಿತಾ ಹಾಡಿದ ಹಾಡು ಗೆದ್ದುಬಿಟ್ಟಿದೆ! ಇರಕಲ್ಲಗಡದಿಂದ ಗಂಗಾವತಿಯ ತನಕ ಮದುವೆ ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ ಅದೇ, ಹುಡುಗರ ಮೊಬೈಲಿನಲ್ಲಿ ಅದೇ. ನಾಲ್ಕನೇ ಇಯತ್ತೆ ಕಲಿತ ಈ ಮುದುಕನ ಎದೆ ಹಿಗ್ಗಿ ಒಡೆಯುವುದೊಂದು ಬಾಕಿ. ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ಅವಳು ‘ನಮ್ಮ ಅಜ್ಜ ಕಟ್ಟಿದ್ದು’ ಎಂದು ಬರೆದಿದ್ದಳು. ಅದು ಸುಳ್ಳು. ಕಟ್ಟಿದವಳು ನನ್ನ ತಂಗಿ ಗಂಗವ್ವ. ನಾನು ಕದ್ದವನು.

ಅದು ಕ್ಯಾಸೆಟ್ಟಿನ ಕಾಲ. ನಮ್ಮ ಕಡೆ ಹಾಡಿನ ಕೊನೆಯ ನುಡಿಯಲ್ಲಿ ಊರು, ಹೆಸರು ಹೇಳಿ ಮುಗಿಸುವುದು ರೂಢಿ. ಗಂಗಾವತಿಯ ರೆಕಾರ್ಡಿಂಗ್ ಕೋಣೆಯಲ್ಲಿ ಗಂಗವ್ವ ‘ಇರಕಲ್ಲಗಡದ ಗಂಗಿ ಕಟ್ಟಿ ಹಾಡ್ಯಾಳ’ ಎಂದು ಮುಗಿಸಿ, ನೀರು ಕುಡಿಯಲು ಹೊರಗೆ ಹೋದಳು. ನಾನು ರೆಕಾರ್ಡ್ ಮಾಡುವವನಿಗೆ, “ಆ ನುಡಿ ತಗದುಬಿಡ್ರಿ” ಎಂದೆ. ಆಗ ಅವಳಿಗೆ ಕುಷ್ಟಗಿಯಿಂದ ಸಂಬಂಧ ಬಂದಿತ್ತು. ಹಾಡುವ ಹುಡುಗಿ ಎಂದು ಬೀಗರು ಮೂಗು ಮುರಿದರೆ ಎಂಬ ಅಂಜಿಕೆ ನನಗೆ. ಅವಳಿಗೆ ಮಾತ್ರ, “ಟೇಪ್ ಸಾಲಲಿಲ್ಲವ್ವ” ಎಂದೆ.

“ಹಂಗಾರ ನನ್ನ ಹೆಸರು ಬರಂಗಿಲ್ಲೇನಣ್ಣಾ?”

“ಬರಂಗಿಲ್ಲ ಬಿಡು.”

ಮದುವೆಯಾಗಿ ಹೋದಳು. ಹಾಡು ಕಟ್ಟಿದವರು ಯಾರು ಎಂದು ಊರವರು ಕೇಳಿದಾಗ “ನಾನ” ಎಂದೆನಲ್ಲ— ಅದು ಯಾವ ಅಂಜಿಕೆ?

ಹೆಸರಿಲ್ಲದ ಹಾಡಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಯಾರೋ ಅದಕ್ಕೆ ಡಿಜೆ ಬಡಿತ ಹಾಕಿದರು, ಯಾರೋ ಪೋಲಿ ಮಾತು ತುರುಕಿ ಯೂಟ್ಯೂಬಿಗೆ ಬಿಟ್ಟರು. ಜನಪದ ಕೆಟ್ಟಿತು ಎಂದು ಹಿರಿಯರು ಬೈದರು. ಬೈಯುತ್ತಲೇ ಅವರ ಕಾಲೂ ಕುಣಿಯುತ್ತಿತ್ತು. ಗಂಗವ್ವ ಒಮ್ಮೆ, “ನನ್ನ ಹಾಡಿಗಿ ಎಂಥಾ ಅರಿವಿ ಉಡಿಸ್ಯಾರ ನೋಡಣ್ಣಾ. ಬ್ಯಾಡ ಅನ್ನಾಕ, ನಂದು ಅನ್ನೂ ಗುರುತಾದ್ರೂ ಎಲ್ಲೈತಿ?” ಎಂದಿದ್ದಳು. ನಾನು ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದೆ.

ಸವಿತಾ ಬಡಿತ ಉಳಿಸಿಕೊಂಡು, ಹೊಲಸು ಮಾತು ಕಿತ್ತೆಸೆದು, ನಾನು ಹೇಳಿಕೊಟ್ಟ ಹಳೆಯ ನುಡಿಗಳನ್ನೇ ಹಾಡಿದಳು. ಕೊನೆಯದೊಂದನ್ನು ನಾನು ಹೇಳಿಕೊಡಲಿಲ್ಲ.

ಇಂದು ಸುದ್ದಿ ಕೇಳಿ ಗಂಗವ್ವ ಕುಷ್ಟಗಿಯಿಂದ ಡಬ್ಬಿ ತುಂಬ ತುಪ್ಪ ಹೊತ್ತು ಬಂದಳು. ಸವಿತಾ ಅವಳ ಕಾಲಿಗೆ ಬಿದ್ದು, “ನಮ್ಮಜ್ಜ ಕಟ್ಟಿದ ಹಾಡು, ಅಜ್ಜಿ!” ಎಂದಳು. ಗಂಗವ್ವ ನನ್ನ ಮುಖ ನೋಡಿದಳು. ಎಲ್ಲರೆದುರು ಹೇಳಿದೆ— ನಾನು ಕಟ್ಟಿಲ್ಲ, ಟೇಪೂ ಮುಗಿದಿರಲಿಲ್ಲ, ಹೆಸರು ತೆಗೆಸಿದವನು ನಾನೇ.

“ಇಷ್ಟ್ ವರ್ಷ ಟೇಪಿಗಿ ಬೈದ್ನಲ್ಲಣ್ಣಾ” ಎಂದಳು.

ಸವಿತಾ ನನ್ನತ್ತ ತಿರುಗದೆ ಹಾಡಿನ ಕೆಳಗಿನ ‘ನಮ್ಮ ಅಜ್ಜ’ ಅಳಿಸಿ, ಮೊಬೈಲನ್ನು ಗಂಗವ್ವನ ಮುಂದೆ ಹಿಡಿದಳು. “ಆ ನುಡಿ ಹಾಡ್ರಿ ಅಜ್ಜಿ.” ಗಂಗವ್ವ ಒಡೆದ ದನಿಯಲ್ಲಿ ಹಾಡಿದಳು— ಊರು, ಹೆಸರು, ಎರಡೂ. ಹೇಳಿದರೆ ನಂಬುತ್ತೀರೋ ಇಲ್ಲವೋ, ನನ್ನ ಹಿಗ್ಗು ಆಗಲೂ ಇಳಿಯಲಿಲ್ಲ.

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. ಗಂಗವ್ವ ಹೋಳಿಗೆಗೆ ತುಪ್ಪ ಹಾಕುತ್ತ ಬಂದಳು. ಪ್ರತಿ ಸಲ ಮೊದಲ ಚಮಚ ಅಣ್ಣನ ತಾಟಿಗೆ. ಇಂದು ನನ್ನನ್ನು ದಾಟಿ ಹೋಗಿ, ಆ ತುದಿಗೆ ಸವಿತಾಳ ಪಕ್ಕ ಕುಳಿತಳು. ನಾನು ಒಣ ಹೋಳಿಗೆ ಮುರಿದು ತಿಂದೆ.